ಚಾಂಪಿಯನ್ನನ ಜಾಕೀಟಿನ ಕಿಸೆ

ಆ ಸಂತೆಯ ದಿನ ಅವನು ಎದೆಯ ಮೇಲೆ ಕೈ ಒತ್ತಿಕೊಂಡದ್ದನ್ನು ನಾನು ನೋಡಿದೆ. ಕಲಘಟಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ನೋಡಿದ. ದುಮ್ಮವಾಡದ ಬಸ್ಸಿನ ಕಂಡಕ್ಟರ್ ನೋಡಿದ. ಮನೆಯ ಹೊಸ್ತಿಲಲ್ಲಿ ಅವನ ಅವ್ವ ನೋಡಿದಳು. "ಯಾಕೋ, ಏನಾಗಾಕತ್ತೈತಿ?" ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನು ಇರಲಿಲ್ಲ.

ಸಾವಿನ ಸುದ್ದಿ ನನಗೆ ಹೊಸದಲ್ಲ. ನಾನು ಕಲಘಟಗಿಯ ದರ್ಜಿ; ದರ್ಜಿಯ ಅಂಗಡಿಯೆಂದರೆ ಹೆತ್ತದ್ದು, ಸತ್ತದ್ದು, ಓಡಿಹೋದದ್ದು ಎಲ್ಲವೂ ಮೊದಲು ಬಂದು ಕೂರುವ ಜಾಗ. ಆದರೆ ಒಬ್ಬ ಮನುಷ್ಯ ನಾಲ್ಕು ಮಂದಿಯ ಕಣ್ಣೆದುರು ಎದೆ ಹಿಡಿದುಕೊಳ್ಳುತ್ತ ಊರಿಗೆ ಹೋಗಿ ಸತ್ತದ್ದು, ಅದನ್ನು ನೋಡಿದ ನಾಲ್ವರಿಗೂ ಏನೂ ಅನ್ನಿಸದೆ ಇದ್ದದ್ದು, ಇದನ್ನು ಮಾತ್ರ ನನ್ನ ಮನಸ್ಸು ಇನ್ನೂ ನುಂಗಿಲ್ಲ. ಹಾಗೇಕಾಯಿತು ಎಂದು ಹೇಳಲು ಅವನ ಆಟದ ಸುದ್ದಿಯನ್ನೇ ಹೇಳಬೇಕು.

ಅವನು ಸ್ನೂಕರ್ ಆಟದ ಚಾಂಪಿಯನ್. ನಮ್ಮ ತಾಲೂಕಿನಲ್ಲಿ ಆ ಆಟ ನೋಡಿದವರೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೋಗುವಾಗ ಅವನು ಸೋದರಮಾವನ ಮನೆಯಲ್ಲಿದ್ದ. ಮಾವ ಒಂದು ಹಳೆಯ ಕ್ಲಬ್ಬಿನ ಮೇಲ್ವಿಚಾರಕ. ಅಲ್ಲಿ ಹಸಿರು ಬಟ್ಟೆ ಹಾಸಿದ, ಎತ್ತಿನ ಬಂಡಿಗಿಂತ ಉದ್ದದ ಮೇಜು. ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಮೇಜಿನ ಅಂಚಿನ ಬಿಲಗಳಿಗೆ ಬೀಳಿಸಬೇಕು. ಕೆಂಪು ಬಿದ್ದರೆ ಒಂದು ಅಂಕ, ಕಪ್ಪು ಬಿದ್ದರೆ ಏಳು. ಸಾಹೇಬರು ಊಟಕ್ಕೆ ಹೋದಾಗ ಇವನು ಕೋಲು ಹಿಡಿದ. ಮೂರು ವರ್ಷದಲ್ಲಿ ಸಾಹೇಬರೇ ಊಟ ಬಿಟ್ಟು ಇವನ ಆಟ ನೋಡುತ್ತ ನಿಂತರು. ಮುಂದೆ ರಾಜ್ಯ, ಆಮೇಲೆ ದೇಶ, ಆಮೇಲೆ ವೃತ್ತಿಪರ ಆಟಗಾರನಾಗಿ ಹೊರದೇಶ.

ಆಟವೇ ತನ್ನ ಉದ್ಯೋಗ ಎಂದು ಅವನು ಅವ್ವನಿಗೆ ಹೇಳಿದ ದಿನ ಗೆಳೆಯನಾದ ನಾನು ದುಮ್ಮವಾಡದ ಅವರ ಪಡಸಾಲೆಯಲ್ಲಿದ್ದೆ. ಅವ್ವ ಶೇಂಗಾ ಒಡೆಯುತ್ತ ಕೂತಿದ್ದಳು.

"ಗುಂಡ ನೂಕಿದ್ರ ಪಗಾರ ಕೊಡ್ತಾರೇನ್ಲೇ ತಮ್ಮಾ?"

"ಕೊಡ್ತಾರಬೇ ಯವ್ವಾ."

"ಹಂಗಾರ ನಮ್ಮ ಎತ್ತಿಗೆ ಯಾಕ ಕೊಡವಲ್ಲರು? ದಿನಾ ಬಂಡಿ ಎಳೀತಾವ."

ಅವನು ನಕ್ಕು ನಕ್ಕು ಶೇಂಗಾದ ಸಿಪ್ಪೆಯ ಮೇಲೆ ಉರುಳಿದ. ನಗು ಬಂದರೆ ಇಡೀ ಮೈಯಿಂದ ನಗುವವನು. ಮೇಜಿನ ಮುಂದೆ ನಿಂತರೆ ಮಾತ್ರ ಕಣ್ಣಿನ ರೆಪ್ಪೆಯೂ ಅಲುಗುತ್ತಿರಲಿಲ್ಲ.

ದೇಶದ ಚಾಂಪಿಯನ್ ಆಗಿ ಬಂದಾಗ ಊರವರು ಸತ್ಕಾರ ಇಟ್ಟರು. ವೇದಿಕೆಯ ಹಿಂದೆ ಇವನ ದೊಡ್ಡ ಚಿತ್ರ, ಕೆಳಗೆ 'ಕೇರಂ ವೀರನಿಗೆ ಸ್ವಾಗತ' ಎಂಬ ಬರಹ. ಮುಖಂಡರೊಬ್ಬರು ಕೇರಂ ಆಟದ ಮಹತ್ವದ ಬಗ್ಗೆ ಅರ್ಧ ತಾಸು ಮಾತಾಡಿ ಶಾಲು ಹೊದಿಸಿದರು. ಇವನು ಮೈಕಿನ ಮುಂದೆ ಬಂದು, "ನಾ ಕೇರಂ ಆಡಾವಲ್ರಿ. ಈ ಊರಾಗ ಕೇರಂ ಚೊಲೋ ಆಡಾವ್ರು ಯಾರರ ಇದ್ರ ಬರ್ರಿ, ಈ ಶಾಲು ನಿಮ್ಮದು" ಎಂದು ಶಾಲು ಮಡಿಚಿ ಮೇಜಿನ ಮೇಲಿಟ್ಟ. ಜನ ಸಿಳ್ಳೆ ಹಾಕಿದರು. ಮುಖಂಡರ ಮುಖ ಮಾತ್ರ ಸಪ್ಪಗಾಯಿತು. ಅವನ ಅವ್ವ ವಾರಗಟ್ಟಲೆ ಗೊಣಗಿದಳು: "ಖರೇ ಹೇಳೂದು ಹೇಳ್ಲಿ. ಶಾಲು ಹೊತಗೊಂಡ ಹೇಳಬಾರದಾಗಿತ್ತಾ? ಉಲ್ಲನ್ನದು ಅದು!"

ಇದು ಅವನ ಸ್ವಭಾವವೋ ಆ ಆಟ ಕಲಿಸಿದ್ದೋ ನನಗೆ ಗೊತ್ತಿಲ್ಲ. ಸ್ನೂಕರಿನಲ್ಲಿ ಒಂದು ಪದ್ಧತಿ ಇದೆಯಂತೆ. ಕೈಯೋ ಅಂಗಿಯೋ ಯಾವ ಚೆಂಡಿಗೆ ತಾಗಿದರೂ ಅದು ಫೌಲು. ರೆಫರಿ ನೋಡದಿದ್ದರೂ ಆಟಗಾರ ತಾನೇ ನಿಂತು ಹೇಳಬೇಕು. ಹೇಳದವನ ಜೊತೆ ಯಾರೂ ಮನಸ್ಸಿಟ್ಟು ಆಡುವುದಿಲ್ಲ. "ನಮ್ಮ ಆಟದಾಗ ಪೊಲೀಸರೂ ನಾವ, ಕಳ್ಳರೂ ನಾವ" ಎನ್ನುತ್ತಿದ್ದ.

ವೃತ್ತಿಪರನಾಗಿ ಮೊದಲ ಸಲ ಹೊರದೇಶಕ್ಕೆ ಹೊರಟಾಗ ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ತೋಳಿಲ್ಲದ ಕಪ್ಪು ಜಾಕೀಟು, ಬಿಳಿ ಅಂಗಿ, ಕೊರಳಿಗೆ ಬೋ ಟೈ.

"ಲೇ ಟೇಲರ್, ಇಂಥಾದ್ದೊಂದು ಹೊಲಿ."

"ಏನಪಾ, ಲಗ್ನದ ಬ್ಯಾಂಡಿನಾಗ ಸೇರಿದಿ ಏನ? ಕೊಳ್ಳಾಗ ಪಾತರಗಿತ್ತಿ ಬ್ಯಾರೆ!"

"ನಗಬ್ಯಾಡ್ಲೇ. ಇದಿಲ್ಲಂದ್ರ ಆಡಾಕ ಬಿಡೂದಿಲ್ಲ."

ಎಲ್ಲಿ ಬಿಗಿಯುತ್ತದೆ ಎಂದು ತೋರಿಸಲು ನನ್ನ ಕತ್ತರಿಸುವ ಮೇಜಿನ ಮೇಲೇ ಬಗ್ಗಿದ. ಎಡಗೈಯ ಬೆರಳುಗಳನ್ನು ಚಾಚಿ ಊರಿ, ಹೆಬ್ಬೆರಳನ್ನು ಎತ್ತಿ, ಆ ಸಂದಿಯಲ್ಲಿ ನನ್ನ ಗಜಕೋಲನ್ನಿಟ್ಟು, ಗದ್ದವನ್ನು ಕೋಲಿಗೆ ತಾಗಿಸಿದ. ಅಂಗಿಯ ಮೇಲಿದ್ದ ಕರಡಿಗೆ ಜಾರಿ ಮೇಜಿನ ಮೇಲೆ ತೂಗಾಡಿತು. ಅವರದು ಲಿಂಗ ಕಟ್ಟುವ ಮನೆತನ. ಇಷ್ಟಲಿಂಗವಿರುವ ಆ ಬೆಳ್ಳಿಯ ಕರಡಿಗೆಯನ್ನು ಬೆಳಗಿನ ಪೂಜೆಯಾದ ಮೇಲೆ ಅವ್ವನೇ ಮಗನ ಕೊರಳಿಗೆ, ಅಂಗಿಯ ಮೇಲೆ ಹಾಕುತ್ತಿದ್ದಳು. ಪೂಜೆಯಲ್ಲಿ ಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. "ಮುಂಜಾನೆ ಈ ಕೈ ಲಿಂಗಕ್ಕ, ಮಧ್ಯಾಹ್ನ ಕೋಲಿಗೆ. ಎರಡಕ್ಕೂ ಅಲುಗಾಡಬಾರದು, ಅಷ್ಟ" ಎಂದು ಅವನೇ ಒಮ್ಮೆ ಹೇಳಿದ್ದ.

"ಇದು ಜೋತಾಡತೈತೆಲ್ಲೋ. ಒಳಗ ಎಡಕ್ಕ ಒಂದ ಕಿಸೆ ಹೊಲೀತೀನಿ" ಎಂದೆ. "ದಾರ ಕೊಳ್ಳಾಗ ಇರ್ಲಿ, ಕರಡಿಗಿ ಅಷ್ಟ ಕಿಸೇದಾಗ ಕುಂದ್ರಸು. ಮಿಸುಕಾಡೂದಿಲ್ಲ."

ಅವನಿಗೆ ಬಹಳ ಹಿಡಿಸಿತು. "ಅವ್ವಗ ಒಂದ ಮಾತ ಕೇಳ್ತೀನಿ" ಎಂದು ಹೋದ.

ಮುಂದಿನ ಸಂತೆಗೆ ಅವ್ವನೇ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಚೀಲ ಕೆಳಗಿಡಲಿಲ್ಲ, ಕೂರಲೂ ಇಲ್ಲ.

"ಕಿಸೇದಾಗ ಇಡಾಕ ಅದೇನ ಬೀಡಿ ಕಟ್ಟೇನೋ? ಅವರಪ್ಪ ಎದಿ ಮ್ಯಾಲೆ ಹಾಕ್ಕೊಂಡು ನೇಗಲಾ ಹೊಡದಾನ, ಕೆಸರಾಗ ಬಗ್ಗಿ ಭತ್ತಾ ಹಚ್ಚ್ಯಾನ. ಒಂದಿನಾ ಕಿಸೇದಾಗ ಇಡಲಿಲ್ಲ. ಇಂವ ಗುಂಡ ನೂಕಾಕ ಕಿಸೇದಾಗ ಇಡತಾನೇನು? ಹೊಲೀಬ್ಯಾಡ."

"ಆತ್ರಿ ಯವ್ವಾ" ಎಂದೆ. ಅವಳ ಮುಂದೆ ಎದುರು ಮಾತಾಡಿದವರು ಆ ಊರಲ್ಲಿ ಹುಟ್ಟಿರಲಿಲ್ಲ. ಕಿಸೆಯಿಲ್ಲದೆಯೇ ಜಾಕೀಟು ಹೊರದೇಶಕ್ಕೆ ಹೋಯಿತು.

ಆ ಜಾಕೀಟಿನಲ್ಲೇ ಅವನು ದೊಡ್ಡ ದೊಡ್ಡವರನ್ನು ಸೋಲಿಸಿದ. ಕೊನೆಗೊಂದು ದೊಡ್ಡ ಪಂದ್ಯಾವಳಿಯ ಫೈನಲ್ ಮುಟ್ಟಿದ. ಅಲ್ಲಿ ಸಂಜೆ, ಇಲ್ಲಿ ಮಧ್ಯಾಹ್ನ. ನನ್ನ ಮೊಬೈಲನ್ನು ಜೋಳದ ಚೀಲಕ್ಕೆ ಒರಗಿಸಿ ನಾನು, ಅವ್ವ, ಓಣಿಯ ಮಂದಿ ಕೂತೆವು. ಒಂದೊಂದು ಆಟಕ್ಕೆ ಫ್ರೇಮ್ ಎನ್ನುತ್ತಾರೆ. ಇಬ್ಬರೂ ಸಮ ಸಮ ಗೆದ್ದು ಕಡೆಯ ಫ್ರೇಮ್ ಉಳಿದಿತ್ತು. ಅದರ ಕೊನೆಗೆ ಮೇಜಿನ ಮೇಲೆ ಗುಲಾಬಿ ಚೆಂಡು, ಕಪ್ಪು ಚೆಂಡು, ಹೊಡೆಯುವ ಬಿಳಿ ಚೆಂಡು, ಇಷ್ಟೇ. ಗುಲಾಬಿ ಬಿಲಕ್ಕೆ ಬಿದ್ದರೆ ಇವನು ಗೆದ್ದಂತೆ. ಬಿಳಿ ಚೆಂಡು ದೂರವಿತ್ತು. ಒಂದು ಕಾಲನ್ನು ಮೇಜಿನ ಮೇಲೆ ಹಾಕಿ ಉದ್ದಕ್ಕೆ ಚಾಚಿಕೊಂಡ. ಕಪ್ಪು ಚೆಂಡು ಅವನ ಎದೆಯ ಕೆಳಗೆ ಮರೆಯಾಯಿತು. ಕ್ಯಾಮೆರಾಕ್ಕೂ ರೆಫರಿಗೂ ಕಂಡದ್ದು ಅವನ ಬೆನ್ನು.

ಕೋಲು ಹಿಂದೆ ಹೋಯಿತು. ಮುಂದೆ ಬರಲಿಲ್ಲ.

ಅವನು ನಿಧಾನವಾಗಿ ಇಳಿದ. ನೆಟ್ಟಗೆ ನಿಂತು ರೆಫರಿಗೆ ಏನೋ ಹೇಳಿದ. ರೆಫರಿ ಕಣ್ಣು ಅಗಲಿಸಿ ಮತ್ತೊಮ್ಮೆ ಕೇಳಿದ. ಇವನು ಹೌದೆಂದು ತಲೆಯಾಡಿಸಿದ. ಸಭೆಯಲ್ಲಿ ಎಲ್ಲರೂ ಒಮ್ಮೆಲೇ ಉಸಿರೆಳೆದುಕೊಂಡ ಸದ್ದು ನನ್ನ ಸಣ್ಣ ಮೊಬೈಲಿನಲ್ಲೂ ಕೇಳಿಸಿತು. ಎದುರಾಳಿಗೆ ಏಳು ಅಂಕ, ಆಡುವ ಸರದಿಯೂ ಅವನದೇ. ಅವನು ಎರಡೂ ಚೆಂಡು ಬೀಳಿಸಿ ಬಂದು ಇವನನ್ನು ತಬ್ಬಿಕೊಂಡು ಅತ್ತ. ಗೆದ್ದವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾಕ ನಿಂತಾ ಅಂವಾ? ಹೊಡೀಲಿಲ್ಲ ಯಾಕ?" ಎಂದು ಅವ್ವ ನನ್ನ ತೋಳು ಹಿಡಿದು ಅಲುಗಿಸಿದಳು. ನನಗೂ ತಿಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. ಕಪ್ಪು ಚೆಂಡಿಗೆ ತಾಗಿ ಫೌಲಾಯಿತು, ತಾನೇ ರೆಫರಿಗೆ ಹೇಳಿದೆ ಎಂದ. ಅವ್ವ ಜೋರಾಗಿ ಕೇಳಿದಳು: "ಏನ ತಾಗಿತ್ಲೇ?"

"ಅಂಗೀಬೇ ಯವ್ವಾ. ಅಂಗಿ ತಾಗಿತು."

"ಯಾರರ ನೋಡಿದ್ರೇನು?"

"ಯಾರೂ ನೋಡಲಿಲ್ಲ."

"ಮತ್ಯಾಕ ಹೇಳಿದಿ?"

"ನಾ ನೋಡಿದ್ನೆಲ್ಲಬೇ."

ಅವ್ವ ಫೋನನ್ನು ನನ್ನ ಕೈಗೆ ಕೊಟ್ಟು ದನಕ್ಕೆ ನೀರು ಕುಡಿಸಲು ಎದ್ದುಹೋದಳು.

ಆ ಸೋಲಿನ ನಂತರ ಅವನು ಅಷ್ಟು ಮೇಲೆ ಮತ್ತೆ ಏರಲಿಲ್ಲ. ಕೆಲವು ವರ್ಷ ಆಡಿದ. ದೂರದ ಚೆಂಡು ಮಸುಕಾಗತೊಡಗಿದಾಗ ಕೋಲನ್ನು ಪೆಟ್ಟಿಗೆಯಲ್ಲಿಟ್ಟು ದುಮ್ಮವಾಡಕ್ಕೆ ಬಂದು ಅಣ್ಣನ ಜೊತೆ ಹೊಲಕ್ಕೆ ಇಳಿದ. ಮದುವೆಯಾಗಿರಲಿಲ್ಲ. ಕೇಳಿದವರಿಗೆಲ್ಲ "ಹೆಣ್ಣ ನೋಡೂ ವಯಸ್ಸಿನ್ಯಾಗ ಚೆಂಡ ನೋಡಿದೆ" ಎನ್ನುತ್ತಿದ್ದ.

ಬಂದ ಹೊಸದರಲ್ಲಿ ಒಂದು ದಿನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದ.

"ಅವತ್ತ ತಾಗಿದ್ದು ಅಂಗಿ ಅಲ್ಲಲೇ. ಇದು."

ನನ್ನ ಕಾಲು ಮಷೀನಿನ ಪೆಡಲಿನ ಮೇಲೇ ನಿಂತುಬಿಟ್ಟಿತು.

"ಜಾಕೀಟಿನಿಂದ ಜಾರಿ ಕರೇ ಚೆಂಡಿಗೆ ಟಕ್ ಅಂತು. ಸಪ್ಪಳಾ ನನಗೊಬ್ಬವಗ ಕೇಳ್ತು."

ಹುಟ್ಟಿದಾಗಿನಿಂದ ಒಂದು ಫೌಲನ್ನೂ ಮುಚ್ಚಿಡದ ಮನುಷ್ಯ ಅವ್ವನಿಗೆ ಸುಳ್ಳು ಹೇಳಿದ್ದ! ಲಿಂಗ ತಾಗಿತು ಎಂದರೆ ಅವಳಿಗೆ ಬೇಡವೆಂದ ಕಿಸೆ ನೆನಪಾಗುತ್ತಿತ್ತು. ತನ್ನ ಹಟದಿಂದಲೇ ಮಗ ಸೋತ ಎಂದು ಉಳಿದ ಆಯುಷ್ಯವೆಲ್ಲ ಕೊರಗುತ್ತಿದ್ದಳು. ಅದಕ್ಕಾಗಿ ತಪ್ಪನ್ನು ಅಂಗಿಯ ಮೇಲೆ ಹೊರಿಸಿದ್ದ.

"ಅವ್ವಗ ಗೊತ್ತಾತು ಅಂದ್ರ ನಿನ್ನ ಕತ್ರಿ ಮುರೀತೀನಿ ನೋಡು" ಎಂದ. ನಗುತ್ತಲೇ ಹೇಳಿದ, ಆದರೆ ಇಡೀ ಮೈ ನಗಲಿಲ್ಲ.

ಆ ಫೈನಲಿನಿಂದ ಅವನಿಗೆ ಒಂದು ರೂಢಿ ಹತ್ತಿತ್ತು. ಬಗ್ಗುವಾಗಲೆಲ್ಲ ಎಡಗೈಯಿಂದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದ. ಚಪ್ಪಲಿ ಬಿಡುವಾಗ, ನೀರು ಸೇದುವಾಗ, ಎತ್ತಿನ ಕಣ್ಣಿ ಬಿಚ್ಚುವಾಗ, ನೆಲಕ್ಕೆ ಬಿದ್ದ ಚಿಲ್ಲರೆ ಆರಿಸುವಾಗ, ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಹೊರಗಿನವರು ಎಂಥಾ ವಿನಯ ಎಂದುಕೊಂಡರು. ಕಳೆ ಕೀಳುವಾಗಲೂ ಹಾಗೇ ಮಾಡುತ್ತಿದ್ದುದರಿಂದ ಅಣ್ಣ ಬೈಯುತ್ತಿದ್ದ: "ಒಂದ ಕೈಲೆ ಕಳೆ ಕೀಳಾಂವ್ಗ ಅರ್ಧಾ ಕೂಲಿನ ಕೊಡಬೇಕು." ಹುಡುಗರು ಬೆನ್ನ ಹಿಂದೆ ಅಣಕಿಸುತ್ತಿದ್ದರು. ಕೊನೆಗೆ ಎಲ್ಲರಿಗೂ ಅದು ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಎಲ್ಲಿಂದಲೋ ಒಂದು ಹಳೆಯ ಮೇಜು ತಂದು ಹಾಕಿದ್ದ. ಹಸಿರು ಬಟ್ಟೆ ಹರಿದಲ್ಲೆಲ್ಲ ನಾನೇ ತೇಪೆ ಹಾಕಿದ್ದೆ. ತೇಪೆಯ ಮೇಲೆ ಬಂದ ಚೆಂಡು ಕುಡಿದವನಂತೆ ತಿರುಗುತ್ತಿತ್ತು. ತಂಬೂರ, ದೇವಿಕೊಪ್ಪದಂಥ ಸುತ್ತಲಿನ ಊರುಗಳಿಂದ ಕೂಡ ತರುಣರು ಕಲಿಯಲು ಬರುತ್ತಿದ್ದರು. ಅವರಲ್ಲಿ ಯಾರೂ ಚಾಂಪಿಯನ್ ಆಗಲಿಲ್ಲ. ಆದರೆ ಒಮ್ಮೆ ಕಬಡ್ಡಿ ಪಂದ್ಯದಲ್ಲಿ ಇವನ ಶಿಷ್ಯನೊಬ್ಬ, ಪಂಚರು ಕೇಳುವ ಮೊದಲೇ ಕೈ ಎತ್ತಿ "ನಾ ಔಟ್ರಿ, ಗೆರಿ ತುಳದೀನಿ" ಎಂದುಬಿಟ್ಟ. ಅವನ ತಂಡದವರೇ ಅವನನ್ನು ಕೆರೆಯ ತನಕ ಅಟ್ಟಿಸಿಕೊಂಡು ಹೋದರು. ಸುದ್ದಿ ಕೇಳಿ ಇವನು ಆ ತರುಣನನ್ನು ಕರೆಸಿ ಹೋಳಿಗೆ ಹಾಕಿಸಿದ. ಅವ್ವ ಬಡಿಸುತ್ತ ಹೇಳಿದಳು: "ತಿನ್ನಪಾ. ಖರೇ ಹೇಳೂ ಮಂದಿಗಿ ಓಡಾಕ ಶಕ್ತಿ ಬೇಕಾಗತೈತಿ."

ಆ ಸಂತೆಯ ದಿನ ಅವನು ಅಂಗಿ ಹೊಲಿಸಲು ಬಂದಿದ್ದ. ಎದೆಯ ಸುತ್ತ ಟೇಪು ಹಿಡಿದವನು ನಾನೇ. ಒಳಗೆ ಹೃದಯ ಯಾವ ಸಂಕಟದಲ್ಲಿತ್ತೋ, ನಾನು ಇಂಚು ನೋಡುತ್ತಿದ್ದೆ. ನನ್ನ ಸೀಮೆಸುಣ್ಣ ಕೆಳಗೆ ಬಿತ್ತು. ಅವನು ಎತ್ತಿಕೊಡಲು ಬಗ್ಗಿದ. ಎಡಗೈ ಎದೆಗೆ ಹೋಯಿತು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬಗ್ಗಿಯೇ ಇದ್ದ.

"ಏಳಪಾ ಸಾಕು. ಇಲ್ಲೆ ಯಾವ ಕರೇ ಚೆಂಡೂ ಇಲ್ಲ" ಎಂದೆ.

ಅವನು ಎದ್ದು ನಕ್ಕ. ಹಣೆಯಲ್ಲಿ ಬೆವರಿತ್ತು. "ಝಳಾ ಭಾಳ ಐತ್ಲೇ" ಎಂದು ನೀರು ಕೇಳಿ ಕುಡಿದು ಹೋದ.

ಚಹಾದಂಗಡಿಯವನು ಮಾರನೆಯ ದಿನ ನನಗೆ ಹೇಳಿದ: "ಗ್ಲಾಸ್ ಇಡಾಕ ಬಗ್ಗಿದ್ರು, ಯಾವಾಗಿನಂಗ ಎದಿ ಹಿಡ್ಕೊಂಡ್ರು. ನಮ್ಮ ಚಾಂಪಿಯನ್ನರ ಸ್ಟೈಲ್ ಅದು ಅಂತ ಬಾಜೂಕ ಇದ್ದಾವ್ರಿಗೆ ನಾನ ತೋರಿಸಿದ್ನಿರಿ!" ಕಂಡಕ್ಟರನಂತೂ ಇವನು ಎದೆ ಹಿಡಿದು ಬಸ್ಸಿನಿಂದ ಇಳಿಯುವಾಗ ತಮಾಷೆಗೆಂದು ತಾನೂ ಎದೆಯ ಮೇಲೆ ಕೈಯಿಟ್ಟು ನಮಸ್ಕಾರ ಹೇಳಿದ್ದನಂತೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವನಿಗೆ ವಿಭೂತಿ ಹಚ್ಚಿ ಪಡಸಾಲೆಯ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಮಗ್ಗುಲಲ್ಲಿ ಅವ್ವ ಅಳದೆ ಕೂತಿದ್ದಳು. ಅವಳ ತೊಡೆಯ ಮೇಲೆ ಆ ಕಪ್ಪು ಜಾಕೀಟು ಇತ್ತು.

"ಟೇಲರ್, ಬಾ ಇಲ್ಲೆ. ಸೂಜಿ ಐತೇನು?"

ನನ್ನ ಕಾಲರಿನ ಕೆಳಗೆ ಯಾವಾಗಲೂ ಒಂದು ಸೂಜಿ, ಸುತ್ತಿದ ದಾರ ಇರುತ್ತದೆ. ತೆಗೆದೆ. ಅವಳು ತನ್ನ ಹಳೆಯ ಸೀರೆಯ ಸೆರಗಿನಿಂದ ಒಂದು ತುಂಡು ಹರಿದುಕೊಟ್ಟಳು.

"ಒಳಗ, ಎಡಕ್ಕ ಕಿಸೆ ಹೊಲೀತೀನಿ ಅಂದಿದ್ದೆಲ್ಲ? ಈಗ ಹೊಲಿ."

ನಾನು ಕೂತು ಜಾಕೀಟು ತೆಗೆದುಕೊಂಡು ಎಡಗಡೆಯ ಒಳಮೈ ಹೊರಳಿಸಿದೆ.

"ಅಂವ ಹೇಳಲಿಲ್ಲ. ನೀನೂ ಹೇಳಲಿಲ್ಲ" ಎಂದಳು ಅವ್ವ. "ಅಂಗಿ ತಾಗಿತು ಅಂದ. ಅಂಗಿ ತಾಗಿದ್ರ ಅಂಗಿ ಹಿಡ್ಕೊಂಡು ಬಗ್ಗತಿದ್ದ. ಲಿಂಗಾ ಹಿಡ್ಕೊಂಡು ಯಾಕ ಬಗ್ಗಬೇಕೋ? ಊರಿಗೆ ಬಂದ ಮರುದಿನಾನ ನನಗ ತಿಳೀತು."

"ಮತ್ತ ನೀವು ಅವಗ ಕೇಳಲಿಲ್ಲರಿ?"

"ನನ್ನ ಮನಸ್ಸು ನೋಯಬಾರದಂತ ಸುಳ್ಳ ಹೇಳ್ಯಾನ. ನಾ ಕೇಳಿದ್ರ ಆ ಸುಳ್ಳೂ ಫೌಲ್ ಆಗತಿತ್ತು."

ನಾನು ಸೂಜಿಗೆ ದಾರ ಪೋಣಿಸಲು ಯತ್ನಿಸುತ್ತಿದ್ದೆ. ನಲವತ್ತು ವರ್ಷದ ಕಸುಬು, ಸೂಜಿಯ ಕಣ್ಣು ಕಾಣಿಸಲಿಲ್ಲ. ಅವ್ವ ದನಿ ತಗ್ಗಿಸಿದಳು.

"ಅಂವ ಎದಿ ಹಿಡ್ಕೊಂಡು ಬಗ್ಗಿದಾಗೆಲ್ಲ ನನಗ ನನ್ನ ಹಟಾನ ಕಾಣತಿತ್ತು. ನೋಡಾಕ ಆಗತಿದ್ದಿಲ್ಲ. ಮಾರಿ ಆ ಕಡೆ ತಿರುವತಿದ್ದೆ. ನಿನ್ನೆ ಹೊಸ್ತಲದಾಗ ಚಪ್ಪಲ್ ಬಿಡಾಕ ಬಗ್ಗಿದ, ಎದಿ ಹಿಡ್ಕೊಂಡ. ನಾ ಯಾವಾಗಿನಂಗ ಮಾರಿ ತಿರುವಿದೆ." ಹೊಸ್ತಿಲ ಕಡೆ ನೋಡಿ, "ಹೊಳ್ಳಿ ನೋಡೂದ್ರಾಗ ಬಿದ್ದಿದ್ದ" ಎಂದಳು.

ಅವಳಿಗೆ ತಿಳಿಯಬಾರದೆಂದು ಅವನು ಮುಚ್ಚಿಟ್ಟ. ತನಗೆ ತಿಳಿದದ್ದು ಅವನಿಗೆ ತಿಳಿಯಬಾರದೆಂದು ಅವಳು ಮುಚ್ಚಿಟ್ಟಳು. ನಡುವೆ ನಾನು ಕತ್ತರಿ ಹಿಡಿದು ಗುಟ್ಟು ಕಾಯುತ್ತ ಕೂತಿದ್ದೆ. ಇಷ್ಟು ಪ್ರೀತಿಯ ನಡುವೆ ಒಬ್ಬ ಮನುಷ್ಯನ ಎದೆನೋವು ಯಾರಿಗೂ ಕಾಣದೆ ಹೋಯಿತು.

ಓಣಿಯ ಹೆಣ್ಣುಮಗಳೊಬ್ಬಳು ದಾರ ಪೋಣಿಸಿಕೊಟ್ಟಳು. ನಾನು ಕಿಸೆ ಹೊಲಿದೆ. ಸೆಟೆದುಕೊಂಡಿದ್ದ ಮೈಗೆ ಜಾಕೀಟು ಏರುವಂತಿರಲಿಲ್ಲ. ಬೆನ್ನಿನ ಹೊಲಿಗೆ ಬಿಚ್ಚಿ ಮುಂದಿನಿಂದ ತೊಡಿಸಿದೆವು. ಅಂತ್ಯವಿಧಿಗೆ ಬಂದಿದ್ದ ಐನಾರು ನೋಡುತ್ತ ನಿಂತಿದ್ದರು. ವಯಸ್ಸಾದ ಅವರು ಮೆತ್ತಗೆ ಕೇಳಿದರು:

"ಯವ್ವಾ, ನಮ್ಮ ಪದ್ಧತಿ ಪ್ರಕಾರ ಲಿಂಗ ಎಡಗೈಯಾಗ ಇಡಬೇಕು. ನೀವು ಕಿಸೆ ಹೊಲಿಸೀರಿ. ಏನ ಮಾಡೂಣ್ರಿ?"

"ಕೈಯಾಗ ಇಡ್ರಿ" ಎಂದಳು ಅವ್ವ. "ಕಿಸೆ ಬರೇದ ಇರ್ಲಿ. ಅವ್ವ ಹ್ಞೂಂ ಅಂದ್ಲಂತ ಅವಗ ತಿಳಿದ್ರ ಸಾಕು."

ಐನಾರು ಅವನ ಎಡಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟರು. ಬೆರಳುಗಳು ಚಾಚಿದ್ದವು, ಹೆಬ್ಬೆರಳು ಒಂದಿಷ್ಟು ಮೇಲೆದ್ದಿತ್ತು, ಕೋಲಿಗೆ ಕಾಯುತ್ತಿರುವಂತೆ. ಆ ಅಂಗೈಯಲ್ಲಿ ಲಿಂಗವನ್ನಿಟ್ಟರು. ಅಲುಗಾಡಲಿಲ್ಲ.

ಜಾಕೀಟಿನ ಗುಂಡಿ ಹಾಕುವುದು ಉಳಿದಿತ್ತು. ನಾನು ಮುಂದೆ ಹೋದೆ. ಅವ್ವ ನನ್ನನ್ನು ಸರಿಸಿ ತಾನೇ ಬಗ್ಗಿದಳು. ಒಂದೇ ಕೈಯಿಂದ, ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ ಒಂದೊಂದೇ ಗುಂಡಿ ಹಾಕಿದಳು. ಅವಳ ಇನ್ನೊಂದು ಕೈ, ತನ್ನ ಕೊರಳಿನ ಕರಡಿಗೆ ಅವನಿಗೆ ತಾಗದಂತೆ, ಅದನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡಿತ್ತು.